ಅಪ್‌ಡೇಟ್: ಪಾದದ ಗಂಟಿಗೆ ಕೊನೆಗೆ ಯಾವ ಸಪೋರ್ಟ್ ತಗೊಂಡೆ

ವಾಲಿಬಾಲ್ ಆಡುವಾಗ ಬಲಪಾದದ ಗಂಟು ಪದೇ ಪದೇ ಉಳುಕುತ್ತದೆ, ಯಾವ ಸಪೋರ್ಟ್ ಹಾಕಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮೊದಲು ಡಾಕ್ಟರಿಗೆ ತೋರಿಸಿ ಅಂದಿರಲ್ಲ, ಶಿರಸಿಯಲ್ಲೇ ತೋರಿಸಿದೆ. ಮೂಳೆ ಸರಿ ಇದೆ, ಹೊರಬದಿಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಸಡಿಲವಾಗಿದೆ. (ಪೆಟ್ಟಾದಾಗ 4 ಹೆಜ್ಜೆ ಇಡಲೂ ಆಗದಿದ್ದರೆ ಎಕ್ಸ್‌ರೇ ತೆಗೆಸಲೇಬೇಕಂತೆ.)

ಸುಮ್ನೆ ಎಳೆದು ಹಾಕಿಕೊಳ್ಳುವ ಎಲಾಸ್ಟಿಕ್ ಸಪೋರ್ಟ್ ಊತಕ್ಕೆ ಆದೀತು, ಪಾದ ಹೊರಳುವುದನ್ನು ಅಷ್ಟಾಗಿ ತಡೆಯುವುದಿಲ್ಲ. ನನಗೆ ಸರಿಹೋಗಿದ್ದು ಲೇಸ್ ಕಟ್ಟುವ ಬ್ರೇಸ್. ಲೇಸ್ ಬಿಗಿದ ಮೇಲೆ ಎರಡು ಪಟ್ಟಿ ಪಾದದ ಅಡಿಯಿಂದ ಅಡ್ಡ ದಾಟಿ ಬಂದು ಗಂಟಿನ ಎರಡೂ ಬದಿ ವೆಲ್ಕ್ರೋದಲ್ಲಿ ಅಂಟುತ್ತವೆ. ಪಾದ ಮೇಲೆ ಕೆಳಗೆ ಆಡುತ್ತದೆ, ಪಕ್ಕಕ್ಕೆ ಹೊರಳುವುದು ಕಡಿಮೆ. ಗಟ್ಟಿ ಪ್ಲಾಸ್ಟಿಕ್‌ನದ್ದು ಇನ್ನೂ ಭದ್ರ, ಆದರೆ ನನ್ನ ಶೂ ಒಳಗೆ ಹೋಗಲೇ ಇಲ್ಲ. ಅಂಗಡಿಗೆ ಹೋಗುವಾಗ ಆಡುವ ಶೂ, ಕಾಲುಚೀಲ ಎರಡೂ ತಗೊಂಡು ಹೋಗಿ.

ಗಂಟಿಗೆ ಸುತ್ತುವ ಅಂಟು ಟೇಪ್ ಸಾಕು ಅಂದವರಿಗೆ: ಕಾರವಾರದ ಬೀಚಿನ ಸೆಕೆಗೆ ಅದು ಆಟದ ಮಧ್ಯೆಯೇ ಸಡಿಲ. ಬ್ರೇಸ್ ಆದರೆ ನಡುವೆ ಮತ್ತೆ ಬಿಗಿ ಮಾಡಬಹುದು. ಒಂದೇ ಕಿರಿಕಿರಿ, ಮಳೆಗಾಲದಲ್ಲಿ ತೊಳೆದರೆ ಒಣಗುವುದೇ ಇಲ್ಲ. ಬಚ್ಚಲೊಲೆಯ ಹತ್ತಿರ ನೇತುಹಾಕಿದ್ದೇನೆ, ಆಯಿಯ ಬೈಗುಳ ಬೇರೆ.

ಫಿಸಿಯೋ ಒಂಟಿ ಕಾಲಲ್ಲಿ ನಿಲ್ಲುವ ವ್ಯಾಯಾಮ ಕೊಟ್ಟಿದ್ದಾರೆ, ಹಲ್ಲುಜ್ಜುವಾಗ ಮಾಡುತ್ತೇನೆ. ನನ್ನ ಪ್ರಕಾರ ಬ್ರೇಸ್‌ಗಿಂತ ಇದೇ ಮುಖ್ಯ. ಹಾಂ, ಬ್ರೇಸ್ ಹಾಕಿದಾಗ ಬೆರಳು ಜುಮ್ಮೆಂದರೆ ಬಿಗಿ ಜಾಸ್ತಿ ಆಗಿದೆ ಅಂತಲೇ ಲೆಕ್ಕ, ಸಡಿಲ ಮಾಡಿ.