ಬಾಟಲಿ ಮೇಲೆ ವರ್ಷವೇ ಇಲ್ಲ, ಇದು ಮೋಸವಾ?

ಗಾಜಿನಲೋಟ:
ಎಲ್ಲರಿಗೂ ನಮಸ್ಕಾರ. ಗೆಳೆಯನೊಬ್ಬ ತೈವಾನ್‌ನ ಕವಲಾನ್ ಸೋಲಿಸ್ಟ್ ವಿಸ್ಕಿ ತಂದುಕೊಟ್ಟ. ಪೀಪಾಯಿ ನಂಬರ್ ಇದೆ, ಬಾಟಲಿ ನಂಬರ್ ಇದೆ, ಎಷ್ಟು ವರ್ಷದ್ದು ಅನ್ನೋದು ಮಾತ್ರ ಇಲ್ಲ. ನಮ್ಮ ಭಾವ ಅದನ್ನು ಹಿಂದೆ ಮುಂದೆ ತಿರುಗಿಸಿ, "ಹನ್ನೆರಡು ವರ್ಷ ತುಂಬದ್ದು ವಿಸ್ಕಿನೇ ಅಲ್ಲ. ಬರೆದಿಲ್ಲ ಅಂದ್ರೆ ಏನೋ ಮುಚ್ಚಿಡ್ತಿದ್ದಾರೆ" ಅಂದುಬಿಟ್ಟರು. ಅವರು ಸ್ಕಾಟ್ಲೆಂಡ್ ಬಿಟ್ಟು ಬೇರೆ ದಿಕ್ಕಿಗೆ ತಲೆ ಹಾಕಿ ಮಲಗುವವರೂ ಅಲ್ಲ. ಮುಚ್ಚಳ ಇನ್ನೂ ತೆಗೆದಿಲ್ಲ. ಅವರು ಹೇಳೋದು ನಿಜವಾ?

ಪೀಪಾಯಿಪ್ರಿಯ:
ಭಾವನಿಗೆ ಮೊದಲು ಒಂದು ಲೆಕ್ಕ ಕೊಡಿ. ಪೀಪಾಯಿಯಲ್ಲಿಟ್ಟ ವಿಸ್ಕಿ ಮರದ ಮೂಲಕ ಆವಿಯಾಗುತ್ತಲೇ ಇರುತ್ತದೆ. ಸ್ಕಾಟ್ಲೆಂಡಿನವರು ಅದನ್ನು ದೇವತೆಗಳ ಪಾಲು ಅನ್ನುತ್ತಾರೆ. ಅಲ್ಲಿ ದೇವತೆಗಳಿಗೆ ಹಸಿವು ಕಡಿಮೆ, ವರ್ಷಕ್ಕೆ ನೂರಕ್ಕೆ ಸುಮಾರು 2 ಸಾಕು. ತೈವಾನ್ ಸೆಕೆಯಲ್ಲಿ 10 ಬೇಕು. ನೂರು ಲೀಟರ್ ತುಂಬಿಸಿ 12 ವರ್ಷ ಬಿಟ್ಟರೆ ಸ್ಕಾಟ್ಲೆಂಡಿನಲ್ಲಿ 78 ಲೀಟರ್ ಉಳಿಯುತ್ತದೆ, ತೈವಾನ್‌ನಲ್ಲಿ 28. ನಮ್ಮ ಬೆಂಗಳೂರಿನ ಅಮೃತ್‌ನವರು 2013ರಲ್ಲಿ ಗ್ರೀಡಿ ಏಂಜಲ್ಸ್ ಅಂತ ಎಂಟು ವರ್ಷದ್ದೊಂದು ಬಿಟ್ಟರು. ಪೀಪಾಯಿಯಲ್ಲಿದ್ದುದರಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಆವಿಯಾಗಿ ಹೋಗಿತ್ತು. ಹೆಸರು ಸುಮ್ನೆ ಇಟ್ಟಿದ್ದಲ್ಲ.

ಬರೀ ನಷ್ಟದ ಮಾತಲ್ಲ. ಬಿಸಿಗೆ ವಿಸ್ಕಿ ಹಿಗ್ಗಿ ಮರದೊಳಗೆ ಇಳಿಯುತ್ತದೆ, ತಂಪಿಗೆ ಕುಗ್ಗಿ ಹೊರಗೆ ಬರುತ್ತದೆ. ಬರುವಾಗ ಬಣ್ಣ, ರುಚಿ, ಒಗರು ಎಲ್ಲ ಹೊತ್ತು ತರುತ್ತದೆ. ಇದನ್ನು ನಾನು ಕೈ ಸುಟ್ಟುಕೊಂಡು ಕಲಿತವನು. ಎರಡು ಲೀಟರಿನ ಪುಟ್ಟ ಓಕ್ ಪೀಪಾಯಿ ತಂದು, ಮರ ಕಾಣದ ಬಿಳಿ ಮಾಲ್ಟ್ ಸ್ಪಿರಿಟ್ ತುಂಬಿಸಿಟ್ಟಿದ್ದೆ. ನಾಲ್ಕನೇ ತಿಂಗಳಲ್ಲಿ ಚಮಚದಲ್ಲಿ ತೆಗೆದು ನೋಡಿದರೆ ಆಹಾ, ವೆನಿಲಾ, ಸ್ವಲ್ಪ ಜೇನು. ಅಲ್ಲಿಗೇ ನಿಲ್ಲಿಸಬೇಕಿತ್ತು. ಆಸೆ ಬಿಡಲಿಲ್ಲ. ವರ್ಷ ತುಂಬಿದ ಮೇಲೆ ಬಗ್ಗಿಸಿದರೆ ಒಂದು ಲೀಟರೂ ಇಲ್ಲ, ಇದ್ದದ್ದು ಮರದ ಹೊಟ್ಟು ನೆನೆಸಿದ ನೀರು! ಪೀಪಾಯಿ ಚಿಕ್ಕದಾದಷ್ಟೂ ವಿಸ್ಕಿಗೆ ಮರ ತಾಗುವುದು ಜಾಸ್ತಿ. ನನ್ನ ಮಟ್ಟಿಗೆ ಆ ನಾಲ್ಕು ತಿಂಗಳೇ ಹನ್ನೆರಡು ವರ್ಷ.

ಕವಲಾನ್‌ನವರು ಯೀಲಾನ್‌ನಲ್ಲಿ ಮೊದಲ ಸಲ ಬಟ್ಟಿ ಇಳಿಸಿದ್ದೇ 2006ರಲ್ಲಿ. 2002ರವರೆಗೆ ತೈವಾನ್‌ನಲ್ಲಿ ಖಾಸಗಿಯವರು ಮದ್ಯ ತಯಾರಿಸುವ ಹಾಗೇ ಇರಲಿಲ್ಲ, ಎಲ್ಲ ಸರ್ಕಾರದ್ದೇ. ಅವರ ವಿನ್ಯೊ ಬರೀಕ್, ಅದೂ ಸೋಲಿಸ್ಟ್ ಸಾಲಿನದೇ, 2015ರ ವರ್ಲ್ಡ್ ವಿಸ್ಕೀಸ್ ಅವಾರ್ಡ್ಸ್‌ನಲ್ಲಿ ಜಗತ್ತಿನ ಅತ್ಯುತ್ತಮ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ) ಅನ್ನಿಸಿಕೊಂಡಿತು. ಈಗ ಕಳೆಯಿರಿ. ಆ ವಿಸ್ಕಿಗೆ ಹತ್ತು ವರ್ಷ ಆಗಿರಲು ಸಾಧ್ಯವೇ ಇಲ್ಲ, ಅಲ್ವಾ? ಅಂಥದ್ದರ ಮೇಲೆ ಐದೋ ಆರೋ ಬರೆದರೆ ನಿಮ್ಮ ಭಾವನಂಥವರು ಮುಟ್ಟುತ್ತಾರಾ? ಅದಕ್ಕೇ ಬರೆಯುವುದಿಲ್ಲ.

ಚಳಿಗಾಲ:
ಮೇಲಿನವರ ಮಾತು ಸರಿ, ಆದರೆ ಸ್ಕಾಟ್ಲೆಂಡ್ ಆಚೆ ಅಂದರೆ ಎಲ್ಲ ಬಿಸಿ ದೇಶ ಅಂದುಕೊಳ್ಳಬೇಡಿ. 2014ರಲ್ಲಿ ಅದೇ ಪ್ರಶಸ್ತಿ ಹೋದದ್ದು ಟಾಸ್ಮೇನಿಯಾದ ಸಲಿವನ್ಸ್ ಕೋವ್‌ಗೆ. ಅದು ತಣ್ಣಗಿನ ದ್ವೀಪ. ಸ್ವೀಡನ್ನಿನ ಮ್ಯಾಕ್‌ಮೀರಾದವರು ಹಳೇ ಗಣಿಯೊಳಗೆ, 50 ಮೀಟರ್ ಆಳದಲ್ಲಿ ಪೀಪಾಯಿ ಜೋಡಿಸಿದರು. ಬಾರ್ಲಿಗೆ ಹೊಗೆ ಹಾಕೋಕೆ ಜೂನಿಪರ್ ಪೊದೆಯ ಕಡ್ಡಿಯನ್ನೂ ಸೇರಿಸಿದರು. ನನಗೆ ಆ ಹೊಗೆ ಸೇರಲಿಲ್ಲ, ಅದು ಬೇರೆ ಮಾತು.

ಇನ್ನೊಂದು, ಭಾವನದು ಪೂರ್ತಿ ತಪ್ಪಲ್ಲ. ಎಳೇ ವಿಸ್ಕಿ ಮಾರೋಕೆ ವರ್ಷ ಬರೆಯದೆ ಬಿಡುವವರೂ ಇದ್ದಾರೆ, ಸ್ಕಾಟ್ಲೆಂಡಿನಲ್ಲೂ. ಯುರೋಪಿನಲ್ಲಿ ವಿಸ್ಕಿ ಅಂತ ಮಾರಬೇಕಾದರೆ ಕಡಿಮೆ ಅಂದರೆ ಮೂರು ವರ್ಷ ಮರದ ಪೀಪಾಯಿಯಲ್ಲಿ ಇದ್ದಿರಬೇಕು. ನಂಬಬಹುದಾದದ್ದು ಅಷ್ಟೇ.

ಗಾಜಿನಲೋಟ:
ಲೆಕ್ಕ ತೋರಿಸಿದೆ. ಭಾವ ಕಾಗದದಲ್ಲಿ ಎರಡು ಸಲ ಕಳೆದು ನೋಡಿ, "ಪ್ರಶಸ್ತಿ ಕೊಟ್ಟವರು ಯಾರೋ" ಅಂದರು. ಕೊನೆಗೆ ಬಾಟಲಿ ತೆರೆದೆವು. ಆಲ್ಕೋಹಾಲ್ ನೂರಕ್ಕೆ 57 ಅಂತ ಬರೆದಿತ್ತು, ನಾನು ಗಮನಿಸಲೇ ಇಲ್ಲ. ಮೂಸಿದ ತಕ್ಷಣ ಮೂಗು ಉರಿಯಿತು. ಭಾವ ಕೆಮ್ಮಿ ಕೆಮ್ಮಿ, "ನೋಡು, ಎಳೇದು ಅಂದಿದ್ನಲ್ಲ" ಅಂತ ಗೆದ್ದವರ ಹಾಗೆ ಕೂತಿದ್ದಾರೆ.

ಪೀಪಾಯಿಪ್ರಿಯ:
ಅಯ್ಯೋ, ಅದು ವಯಸ್ಸಿನ ಉರಿಯಲ್ಲ! ಸೋಲಿಸ್ಟ್‌ಗೆ ನೀರು ಬೆರೆಸುವುದಿಲ್ಲ, ಪೀಪಾಯಿಯಲ್ಲಿದ್ದ ಗಟ್ಟಿಯಲ್ಲೇ ತುಂಬುತ್ತಾರೆ. ನಿಮ್ಮ ಭಾವ ಕುಡಿಯುವ ಹನ್ನೆರಡು ವರ್ಷದ್ದನ್ನು ನೀರು ಹಾಕಿ 40ಕ್ಕೆ ಇಳಿಸಿರುತ್ತಾರೆ. ಒಂದು ಚಮಚ ನೀರು ಹಾಕಿ, ಹತ್ತು ನಿಮಿಷ ಬಿಡಿ, ಆಮೇಲೆ ಮೂಸಿ. ಮೂಗನ್ನು ಲೋಟದೊಳಗೆ ತೂರಿಸಬೇಡಿ, ಅಂಚಿನ ಮೇಲಿರಲಿ.

ಗಾಜಿನಲೋಟ:
ಹಾಕಿದೆ. ಈಗ ಒಣದ್ರಾಕ್ಷಿ ವಾಸನೆ ಬರ್ತಿದೆ. ಭಾವ ಏನೂ ಅನ್ನುತ್ತಿಲ್ಲ, ಎರಡನೇ ಲೋಟಕ್ಕೆ ಚಮಚ ಹುಡುಕುತ್ತಿದ್ದಾರೆ.