ಬಸ್‌ಸ್ಟ್ಯಾಂಡ್ ಎದುರಿನ ಸಂತೆ ಬಯಲನ್ನ ಅಪ್‌ಗ್ರೇಡ್ ಮಾಡ್ತಾರಂತೆ, ಮೀಟಿಂಗಲ್ಲಿ ಏನು ಕೇಳ್ಬೇಕು?

ಅರಳಿಕಟ್ಟೆ_ಹುಡುಗ
ಎಲ್ರಿಗೂ ನಮಸ್ಕಾರ. ನಮ್ದು ಬಯಲುಸೀಮೆ ಕಡೆ ಒಂದು ತಾಲೂಕು ಕೇಂದ್ರ, ಪುರಸಭೆ ಊರು. ಬಸ್‌ಸ್ಟ್ಯಾಂಡ್ ಎದುರಿಗಿರೋ ಬಯಲಲ್ಲಿ ಒಂದು ಮೂಲೇಲಿ ದೊಡ್ಡ ಅರಳಿಮರ ಕಟ್ಟೆ, ಬೆಳಿಗ್ಗೆ ಹೂವು ಸೊಪ್ಪಿನೋರು, ಸಂಜೆ ಪಾನಿಪೂರಿ ಗಾಡಿಗಳು, ಮಂಗಳವಾರ ಪೂರ್ತಿ ಸಂತೆ, ನಮ್ಮ ತಾತನ ಕಾಲದಿಂದ್ಲೂ ಹಿಂಗೇ ನಡ್ಕೊಂಡು ಬಂದಿದೆ. ಈಗ ನಕ್ಷೆ ತಯಾರಾಗಿದೆ: ಇಡೀ ಜಾಗಕ್ಕೆ ಇಂಟರ್‌ಲಾಕ್ ಟೈಲ್ಸು, ನಡುವೆ ಕಾರಂಜಿ, ಸುತ್ತ ಗ್ರಿಲ್ಲು, ಒಂದು ಹೈಮಾಸ್ಟ್ ಲೈಟು. ಸೊಪ್ಪಿನೋರು ಎಲ್ಲಿ ಕೂರ್ಬೇಕು ಅಂತ ಎಲ್ಲೂ ಇಲ್ಲ, ಶೌಚಾಲಯಾನೂ ಇಲ್ಲ. ಹಂಗಂತ ಇರೋ ಹಂಗೇ ಬಿಡಿ ಅಂತಾನೂ ಹೇಳಕ್ಕಾಗಲ್ಲ, ಒಂದು ಮಳೆ ಬಂದ್ರೆ ಎಲ್ಲಾ ಕೆಸರು. ಜನರ ಅಭಿಪ್ರಾಯ ಕೇಳೋಕೆ ಮೀಟಿಂಗ್ ಕರ್ದಿದಾರೆ, ಗೊತ್ತಿರೋರು ದಯವಿಟ್ಟು ಹೇಳಿ.

ಸೈಟ್_ಇಂಜಿನಿಯರ್
ಮೊದ್ಲು ನೀರು ಎಲ್ಲಿಗೆ ಹೋಗತ್ತೆ ಅಂತ ಕೇಳಿ ಗುರೂ. ಚರಂಡಿ ಲೆವೆಲ್ ನೋಡ್ದೆ ಟೈಲ್ಸ್ ಹಾಕಿದ್ರೆ ನೀರು ಟೈಲ್ಸ್ ಮೇಲೆ ನಿಲ್ಲತ್ತೆ, ಕೆಳಗಿನ ಮರಳು ಕೊಚ್ಕೊಂಡು ಹೋಗಿ ಎರಡ್ಮೂರು ಮಳೆಗಾಲದಲ್ಲಿ ಅಲ್ಲಲ್ಲಿ ಕುಸಿಯುತ್ತೆ. ಜನ ನಡೆಯೋ ಕಡೆ 60 ಮಿಮೀ ಬ್ಲಾಕ್ ಸಾಕು, ಸಂತೆ ದಿನ ಗೂಡ್ಸ್ ಗಾಡಿ ನುಗ್ಗೋ ಕಡೆ 80 ಮಿಮೀ ಬೇಕು, ಅಡಿಗೆ ಜಲ್ಲಿ ಹಾಕಿ ಸರಿಯಾಗಿ ರೋಲರ್ ಹೊಡೀಬೇಕು. ಅಂಚಿಗೆ ಕರ್ಬ್ ಕಲ್ಲು ಇಲ್ದಿದ್ರೆ ಎಷ್ಟು ದಪ್ಪದ ಬ್ಲಾಕ್ ಹಾಕಿದ್ರೂ ಸರಿಯುತ್ತೆ. ಆಮೇಲೆ ಅರಳಿಮರದ ಬುಡಕ್ಕೆ ಕಾಂಕ್ರೀಟ್ ಹಾಕೋಕೆ ಮಾತ್ರ ಬಿಡ್ಬೇಡಿ. ಮರದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ಬಿಡ್ಬೇಕು ಅಂತ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಗೆ ಆದೇಶ ಮಾಡಿತ್ತು, ಅದನ್ನೇ ಉದಾಹರಣೆ ಕೊಡಿ.

ಹೂವಿನಂಗಡಿ_ಮಗಳು
ನಮ್ಮಮ್ಮ ಇಂಥದ್ದೇ ಒಂದು ಜಾಗದಲ್ಲಿ ಹೂವು ಮಾರಿ ನಮ್ಮನ್ನ ಓದಿಸಿದ್ದು, ಅದಕ್ಕೇ ಬರೀತಿದೀನಿ ಅಣ್ಣಾ. ಬೆಳಿಗ್ಗೆ ಐದಕ್ಕೆ ಬಂದು ಕೂತ್ರೆ ಮಧ್ಯಾಹ್ನದವರೆಗೂ ಶೌಚಾಲಯ ಇಲ್ಲ ಅಂತ ನೀರೇ ಕುಡೀತಿರ್ಲಿಲ್ಲ. ಕಾರಂಜಿ ದುಡ್ಡಲ್ಲಿ ಹೆಂಗಸರಿಗೆ ಒಂದು ಶೌಚಾಲಯ ಕಟ್ಟಿ, ದಿನಾ ತೊಳೆಯೋರ ಸಂಬಳಾನೂ ಎತ್ತಿಡಿ ಅಂತ ಗಟ್ಟಿಯಾಗಿ ಕೇಳಿ. ಒಂದು ಕುಡಿಯೋ ನೀರಿನ ನಲ್ಲಿ, ನೆರಳು, ಇಷ್ಟೇ ಬೇಕಾಗಿರೋದು ಅವ್ರಿಗೆ. ಮೀಟಿಂಗಿಗೆ ಮಾರೋರನ್ನೂ ಕರ್ಕೊಂಡ್ ಹೋಗಿ, ಆದ್ರೆ ಬೆಳಿಗ್ಗೆ ವ್ಯಾಪಾರದ ಹೊತ್ತಲ್ಲಿ ಇಟ್ರೆ ಯಾರೂ ಬರಕ್ಕಾಗಲ್ಲ, ಟೈಮ್ ಬದಲಾಯಿಸೋಕೆ ಹೇಳಿ.

ಮಲಪ್ರಭಾ_ದಂಡಿ
ಕಾನೂನು ನಿಮ್ಮ ಕಡೇನ ಐತ್ರಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ವ್ಯಾಪಾರಸ್ಥರ ಸರ್ವೇ ಮುಗಿಸಿ ಅವರಿಗೆ ವ್ಯಾಪಾರದ ಸರ್ಟಿಫಿಕೇಟ್ ಕೊಡೂತನಕ ಯಾರನ್ನೂ ಎಬ್ಬಸಂಗಿಲ್ಲ, ಆಮ್ಯಾಲೂ ಸ್ಥಳಾಂತರ ಮಾಡ್ಬೇಕಂದ್ರ 30 ದಿನದ ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿ ಅಂತ ಇರಬೇಕು, ಅದರಾಗ ಕಡಿಮಿ ಅಂದ್ರೂ ನೂರಕ್ಕ 40 ಮಂದಿ ವ್ಯಾಪಾರಸ್ಥರ ಆರಿಸಿದವರು, ಅವರಾಗ ಮೂರನೇ ಒಂದು ಪಾಲು ಹೆಣ್ಮಕ್ಕಳು. ನಿಮ್ಮೂರಾಗ ಆ ಸಮಿತಿ ಐತೇನು, ಈ ನಕ್ಷೆ ಅದರ ಮುಂದ ಹೋಗೇತೇನು, ಮೊದಲ ಅದನ್ನ ಕೇಳ್ರಿ. 50 ವರ್ಷಕ್ಕಿಂತ ಹೆಚ್ಚು ನಡದ ಸಂತಿ ಇದ್ರ ಅದನ್ನ ಪಾರಂಪರಿಕ ಮಾರುಕಟ್ಟಿ ಅಂತ ಘೋಷಣಾ ಮಾಡಬೇಕು, ಅಲ್ಲಿಯವರನ್ನ ಬ್ಯಾರೆ ಕಡೆ ಕಳಸಂಗಿಲ್ಲ ಅಂತಾನೂ ಅದೇ ಕಾಯ್ದೆ ಪರಿಶಿಷ್ಟದಾಗ ಐತಿ. ನಿಮ್ಮ ಅಜ್ಜನ ಕಾಲದ್ದಂತೀರಿ, ಹಳೇ ಸಂತಿ ಸುಂಕದ ಹರಾಜಿನ ಕಾಗದ ಹುಡುಕ್ರಿ, ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿದ್ರ ಪುರಸಭೆಯವರೇ ಕೊಡಬೇಕಾಗತೈತಿ.

ರಾತ್ರಿ_ಬಸ್ಸು
ಗ್ರಿಲ್ ಇರ್ಲಿ ಅನ್ನೋದು ನನ್ನ ಅಭಿಪ್ರಾಯ. ನಮ್ಮೂರಲ್ಲಿ ಹಂಗೇ ಬಿಟ್ಟಿದ್ದಕ್ಕೆ ಇಡೀ ಜಾಗ ಕಾರು ಬೈಕ್ ಪಾರ್ಕಿಂಗ್ ಆಗೋಯ್ತು.

ಸೈಟ್_ಇಂಜಿನಿಯರ್
@ರಾತ್ರಿ_ಬಸ್ಸು ಅದಕ್ಕೆ ಗ್ರಿಲ್ ಯಾಕೆ ಸರ್, ಅಂಚಿಗೆ ಸಾಲಾಗಿ ಕಲ್ಲುಗೂಟ ನೆಟ್ರೆ ಕಾರು ನುಗ್ಗಲ್ಲ, ವೀಲ್‌ಚೇರ್ ಹೋಗುತ್ತೆ. ಬೈಕು ನುಗ್ಗೋದು ಪೂರ್ತಿ ನಿಲ್ಲಲ್ಲ ನಿಜ, ಅವಕ್ಕೆ ಪಕ್ಕದಲ್ಲಿ ಬೇರೆ ಜಾಗ ಗುರುತು ಮಾಡ್ಬೇಕು. ಸಂತೆ ದಿನ ಗೂಡ್ಸ್ ಗಾಡಿಗೆ ಒಂದು ಕಡೆ ತೆಗೆಯೋ ಗೂಟ ಇಡ್ಲಿ. ಮೆಟ್ಟಿಲಿರೋ ಕಡೆಯೆಲ್ಲಾ 1:12 ಇಳಿಜಾರಿನ (12 ಅಡಿ ಉದ್ದಕ್ಕೆ ಒಂದಡಿ ಏರೋ) ರ‍್ಯಾಂಪ್ ಕೇಳೋದು ಮರೀಬೇಡಿ. ಲೈಟೂ ಅಷ್ಟೇ, ಒಂದೇ ಹೈಮಾಸ್ಟ್ ಆದ್ರೆ ಮರದ ಕೆಳಗೆ ಕತ್ತಲೇ ಇರತ್ತೆ, ಸಣ್ಣ ಕಂಬಗಳು ನಾಲ್ಕೈದು ಹಾಕ್ಸಿ.

ಅರಳಿಕಟ್ಟೆ_ಹುಡುಗ
ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ಸೊಪ್ಪಿನ ಅಜ್ಜಿಯರ ಹತ್ರ ಮಾತಾಡ್ತೀನಿ, ಮೀಟಿಂಗ್ ಮಧ್ಯಾಹ್ನ ಮೂರಕ್ಕೆ ಇಡಿ ಅಂತ ಲೆಟರ್ ಬರೆದು ಅವ್ರ ಸಹಿ ಹಾಕ್ಸಿ ಕೊಡೋಣ ಅನ್ಕೊಂಡಿದೀನಿ. @ಮಲಪ್ರಭಾ_ದಂಡಿ ಸರ್, ಆರ್‌ಟಿಐ ಅರ್ಜೀಲಿ ಯಾವ ದಾಖಲೆ ಅಂತ ಬರೀಬೇಕು, ಒಂದು ಸಾಲು ಬರೆದು ಕೊಡ್ತೀರಾ?

ಮಲಪ್ರಭಾ_ದಂಡಿ
ಹಿಂಗ ಬರೀರಿ: "ಸದರಿ ಸಂತೆ ಮೈದಾನದ ಸಂತೆ ಸುಂಕ ವಸೂಲಿ ಹರಾಜಿಗೆ ಸಂಬಂಧಿಸಿದ, ಕಚೇರಿಯಲ್ಲಿ ಲಭ್ಯವಿರುವ ಅತ್ಯಂತ ಹಳೆಯ ವರ್ಷದಿಂದ ಇಲ್ಲಿಯವರೆಗಿನ ದಾಖಲೆಗಳ ದೃಢೀಕೃತ ನಕಲು." ಜೊತೀಗೆ ಪಟ್ಟಣ ವ್ಯಾಪಾರ ಸಮಿತಿ ಸಭೆ ನಡಾವಳಿನೂ ಕೇಳ್ರಿ. 30 ದಿನದಾಗ ಉತ್ತರ ಕೊಡಬೇಕು, ಅದಕ್ಕ ನಾಳೇನ ಹಾಕ್ರಿ.