ಪಾಸ್‌ವರ್ಡ್ ಕೊಟ್ಟ ಮೇಲೆ ಮೂರು ನಿಮಿಷ: ಟೀಚರ್ ಪ್ರಶ್ನೆಗೆ ಓದುಗರ ಸ್ಪಂದನ

ಹೋದ ಸಂಚಿಕೆಯಲ್ಲಿ ಸಾಗರದ ಹೈಸ್ಕೂಲ್ ಟೀಚರ್ ಒಬ್ಬರು ಬರೆದಿದ್ದರು: “ನನ್ನ ಲ್ಯಾಪ್‌ಟಾಪ್ ಹತ್ತು ವರ್ಷ ಹಳೆಯದು. 4 ಜಿಬಿ ರ‍್ಯಾಮ್, ಮೊದಲಿನದೇ ಹಾರ್ಡ್ ಡಿಸ್ಕ್. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿತಲ್ಲ, ಆಗ ಮಗ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22 (ಸಿನಮನ್ ಡೆಸ್ಕ್‌ಟಾಪ್) ಹಾಕಿಕೊಟ್ಟು ಕೆಲಸದ ಊರಿಗೆ ಹೋದ. ಮೊದಮೊದಲು ಚೆನ್ನಾಗಿತ್ತು. ಈಗ ಪಾಸ್‌ವರ್ಡ್ ಕೊಟ್ಟ ಮೇಲೆ ಮೆನು ತೆರೆಯಲು ಮೂರು ನಿಮಿಷ ಬೇಕು. ತಾನಾಗೇ ಶುರುವಾಗುವ ಪ್ರೋಗ್ರಾಂಗಳನ್ನೆಲ್ಲ ಆಫ್ ಮಾಡಿ ಎಂದು ಒಬ್ಬರು ಹೇಳಿದರು. ಎಲ್ಲ ಆಫ್ ಮಾಡಿದರೆ ಏನಾದರೂ ಕೆಡುತ್ತದಾ? ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವುದೇ ನನಗೆ ಮುಖ್ಯ ಕೆಲಸ.” ಅದಕ್ಕೆ ಬಂದ ಉತ್ತರಗಳು ಇಲ್ಲಿವೆ.

*

ಅಕ್ಕೋರೇ, ನಮಸ್ಕಾರ. ನಮ್ಮ ಕಡೆ ಟೀಚರನ್ನು ಹೀಗೇ ಕರೆಯುವುದು. ದಯವಿಟ್ಟು ಎಲ್ಲವನ್ನೂ ಆಫ್ ಮಾಡಬೇಡಿ. ಆ ಪಟ್ಟಿಯಲ್ಲಿ ನಿಮಗೆ ಬೇಕಾದದ್ದೂ ಇದೆ, ಬೇಡದ್ದೂ ಇದೆ. ಎರಡನ್ನೂ ಬೇರೆ ಮಾಡಲು ಅರ್ಧ ಗಂಟೆ ಸಾಕು.

ಮೊದಲು ಅಳೆಯಿರಿ. ಫೋನಿನ ಸ್ಟಾಪ್‌ವಾಚ್ ತೆಗೆದುಕೊಳ್ಳಿ. ಎಂಟರ್ ಒತ್ತಿದಾಗ ಶುರು ಮಾಡಿ, ಮೆನು ಬಟನ್ ಒತ್ತಿ ಅದು ನಿಜವಾಗಿ ತೆರೆದಾಗ ನಿಲ್ಲಿಸಿ. ವಾಲ್‌ಪೇಪರ್ ಕಾಣಿಸಿದ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆಗಿನ್ನೂ ಅರ್ಧ ಕೆಲಸ ಬಾಕಿ ಇರುತ್ತದೆ. ಇನ್ನೊಂದು ಮಾತು. ಪ್ರತಿ ಸಲ ಶಟ್‌ಡೌನ್ ಮಾಡಿಯೇ ಅಳೆಯಬೇಕು. ಸುಮ್ನೆ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆದರೆ ಬೇಗ ಬಂದುಬಿಡುತ್ತದೆ, ಯಾಕೆಂದರೆ ಒಮ್ಮೆ ಓದಿದ ಫೈಲುಗಳು ರ‍್ಯಾಮ್‌ನಲ್ಲೇ ಉಳಿದಿರುತ್ತವೆ. ಅದನ್ನು ನೋಡಿ ಸರಿಹೋಯಿತು ಅಂದುಕೊಂಡವರನ್ನು ನಮ್ಮ ಲ್ಯಾಬ್‌ನಲ್ಲಿ ತುಂಬಾ ಸಲ ನೋಡಿದ್ದೇನೆ.

ಈಗ ನಿಧಾನ ಯಾಕೆ ಅನ್ನುವುದು. ನಿಮ್ಮ ಕಾಲದ ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಓದುವ ಮುಳ್ಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಬೇಕು, ಬೇಕಾದ ಜಾಗ ಅದರ ಕೆಳಗೆ ಬರುವವರೆಗೆ ಕಾಯಬೇಕು. ಹಾಗಾಗಿ ಚದುರಿದ ಸಣ್ಣ ಫೈಲುಗಳನ್ನು ಓದುವಾಗ ಸೆಕೆಂಡಿಗೆ ನೂರು ಮುಟ್ಟುವುದೂ ಕಷ್ಟ. ಲಾಗಿನ್ ಹೊತ್ತಿಗೆ ಡೆಸ್ಕ್‌ಟಾಪ್ ಒಂದು ಕಡೆ, ಚಾಟ್ ಆ್ಯಪ್ ಒಂದು ಕಡೆ, ಕ್ಲೌಡ್ ಸಿಂಕ್ ಇನ್ನೊಂದು ಕಡೆ ಅದೇ ಮುಳ್ಳನ್ನು ಎಳೆಯುತ್ತವೆ. ಒಂದೊಂದಾಗಿ ಬಂದಿದ್ದರೆ ಬೇಗ ಮುಗಿಯುತ್ತಿದ್ದ ಕೆಲಸ, ಒಟ್ಟಿಗೆ ಬಂದಾಗ ಒಟ್ಟು ಲೆಕ್ಕಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಲ್ಯಾಪ್‌ಟಾಪಿನ ಅಂಚಿನಲ್ಲಿ ಡಿಸ್ಕಿನ ಪುಟ್ಟ ದೀಪ ಇದ್ದರೆ ನೋಡಿ. ಆ ಮೂರು ನಿಮಿಷವೂ ಅದು ಮಿನುಗದೆ ಒಂದೇ ಸಮ ಉರಿಯುತ್ತಿದ್ದರೆ ಇದೇ ಕಥೆ.

ಮೆನು ತೆರೆದು ‘ಸ್ಟಾರ್ಟಪ್ ಅಪ್ಲಿಕೇಶನ್ಸ್’ ಹುಡುಕಿ. ಪ್ರತಿ ಸಾಲಿಗೂ ಒಂದು ಸ್ವಿಚ್ ಇರುತ್ತದೆ. ಮೊದಲು ನೀವೇ ಆಮೇಲೆ ಹಾಕಿಕೊಂಡ ಆ್ಯಪ್‌ಗಳನ್ನು ನೋಡಿ: ಚಾಟ್, ವಿಡಿಯೋ ಮೀಟಿಂಗ್, ಕ್ಲೌಡ್ ಸಿಂಕ್, ಹಾಡು ಕೇಳುವ ಆ್ಯಪ್. ಇಂಥವು ಇನ್‌ಸ್ಟಾಲ್ ಆಗುವಾಗಲೇ, ಇಲ್ಲವೇ ಮೊದಲ ಸಲ ತೆರೆದಾಗ, ತಮ್ಮ ಹೆಸರನ್ನು ಇಲ್ಲಿ ಸೇರಿಸಿಬಿಡುತ್ತವೆ. ಇವುಗಳಲ್ಲಿ ಹಲವು ಒಳಗೆ ಒಂದು ಇಡೀ ಬ್ರೌಸರನ್ನೇ ಹೊತ್ತುಕೊಂಡಿರುತ್ತವೆ. ಮೂರು ಸೇರಿದರೆ ನಿಮ್ಮ 4 ಜಿಬಿ ರ‍್ಯಾಮ್ ಸಾಲದೆ ಅದೇ ಹಾರ್ಡ್ ಡಿಸ್ಕ್ ಮೇಲೆ ಸ್ವಾಪ್ (ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ಡಿಸ್ಕಿಗೆ ಸಾಗಿಸುವ ಕೆಲಸ) ಶುರುವಾಗುತ್ತದೆ. ನಿಮ್ಮ ಮೂರು ನಿಮಿಷದಲ್ಲಿ ದೊಡ್ಡ ಪಾಲು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ‘ಮೊದಮೊದಲು ಚೆನ್ನಾಗಿತ್ತು’ ಎಂದು ನೀವೇ ಬರೆದಿದ್ದೀರಿ ಅಲ್ವಾ? ಬೇಕಾದಾಗ ಮೆನುವಿನಿಂದ ತೆರೆದುಕೊಂಡರಾಯಿತು, ಸ್ವಿಚ್ ಆಫ್ ಮಾಡಿ. ಬ್ಲೂಟೂತ್ ಬಳಸುವುದಿಲ್ಲ ಎಂದರೆ ಅದನ್ನೂ ಆಫ್ ಮಾಡಬಹುದು.

ಅಪ್‌ಡೇಟ್ ಮ್ಯಾನೇಜರನ್ನು ಮಾತ್ರ ಆಫ್ ಮಾಡಬೇಡಿ. ಅಪ್‌ಡೇಟ್ ನಿಂತಿತು ಎಂದು ತಾನೇ ನೀವು ವಿಂಡೋಸ್ ಬಿಟ್ಟದ್ದು? ಅದರ ಸಾಲನ್ನು ಎಡಿಟ್ ಮಾಡಿದರೆ ಎಷ್ಟು ಸೆಕೆಂಡ್ ತಡವಾಗಿ ಶುರುವಾಗಬೇಕು ಎಂದು ಕೊಡಲು ಜಾಗ ಇದೆ. 120 ಎಂದು ಹಾಕಿ. ಹೀಗೆ ಬಿಡಲಾಗದ ಇನ್ನೂ ಒಂದೆರಡು ಇದ್ದರೆ ಒಂದಕ್ಕೆ 40, ಇನ್ನೊಂದಕ್ಕೆ 80 ಕೊಡಿ. ಸರದಿಯಲ್ಲಿ ಬಂದರೆ ಡಿಸ್ಕಿಗೂ ಉಸಿರಾಡಲು ಬಿಡುವು ಸಿಗುತ್ತದೆ.

ಇನ್ನು ಕನ್ನಡದ ವಿಷಯ. ಇದನ್ನು ಒತ್ತಿ ಹೇಳುತ್ತೇನೆ. ಪಟ್ಟಿಯಲ್ಲಿ ‘ಐಬಸ್’ ಎಂಬ ಹೆಸರಿನ ಸಾಲು ಇದ್ದರೆ ಮುಟ್ಟಬೇಡಿ, ನೀವು ಒತ್ತಿದ ಕೀಲಿಯನ್ನು ಕನ್ನಡ ಅಕ್ಷರ ಮಾಡುವ ಪ್ರೋಗ್ರಾಂ ಅದು. ಎರಡು ವರ್ಷದ ಹಿಂದೆ ನಮ್ಮ ಆಫೀಸಿನ ಗುಮಾಸ್ತರ ಮಷೀನಿನಲ್ಲಿ ನಾನೇ ಅದನ್ನು ಆಫ್ ಮಾಡಿದ್ದೆ, ಏನೋ ಬೇಡದ್ದು ಅಂದುಕೊಂಡು. ಮಾರನೇ ದಿನ ಬೆಳಗ್ಗೆ ಅವರು ‘ಕ’ ಒತ್ತಿದರೆ ಪರದೆಯ ಮೇಲೆ ಇಂಗ್ಲಿಷಿನ ‘ಕೆ’ ಬಂತು. ಆವತ್ತು ಸಂಜೆಯೊಳಗೆ ಹತ್ತು ಪುಟದ ನಡಾವಳಿ ಹೋಗಬೇಕಿತ್ತು. ಅವರ ಮುಖ ನನಗಿನ್ನೂ ನೆನಪಿದೆ. ಮಗ ಐಬಸ್ ಹಾಕಿಲ್ಲದೆ, ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ನೇರವಾಗಿ ಕನ್ನಡ ಕಗಪ ಸೇರಿಸಿದ್ದರೆ ಈ ಭಯವಿಲ್ಲ, ಅದಕ್ಕೆ ಐಬಸ್ ಬೇಕಾಗುವುದಿಲ್ಲ. ಯಾವುದೆಂದು ಮಗನನ್ನೇ ಒಂದು ಮಾತು ಕೇಳಿಬಿಡಿ.

ಒಂದು ದಿನಕ್ಕೆ ಒಂದೋ ಎರಡೋ ಸಾಲು ಆಫ್ ಮಾಡಿ, ಸಮಯ ಬರೆದಿಡಿ. ಮೈನಸ್ ಗುರುತಿನ ಬಟನ್ ಒತ್ತಬೇಡಿ, ಅದು ಸಾಲನ್ನೇ ತೆಗೆದುಹಾಕುತ್ತದೆ. ಸ್ವಿಚ್ ಆಫ್ ಆದರೆ ಸಾಲು ಅಲ್ಲೇ ಇರುತ್ತದೆ, ತೊಂದರೆ ಕಂಡರೆ ಮತ್ತೆ ಆನ್ ಮಾಡಿದರಾಯಿತು.

— ಕಾಲೇಜು ಕಂಪ್ಯೂಟರ್ ಲ್ಯಾಬ್ ಸಹಾಯಕ, ಧಾರವಾಡ

*

ಟೀಚರ್, ನಾನು ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟವನು. ನಮ್ಮ ಹತ್ತಿರ ಇಂಥ ಮಷೀನ್ ಬಂದರೆ ಮೊದಲು ‘ಯೂಸರ್ಸ್ ಆ್ಯಂಡ್ ಗ್ರೂಪ್ಸ್’ಗೆ ಹೋಗಿ ಒಬ್ಬ ಹೊಸ ಬಳಕೆದಾರನನ್ನು ಸೇರಿಸುತ್ತೇವೆ. ಒಮ್ಮೆ ಆ ಖಾತೆಯಲ್ಲಿ ಲಾಗಿನ್ ಆಗಿ, ಮೊದಲ ಸಲ ಎಲ್ಲ ಸಿದ್ಧವಾಗಲು ಬಿಟ್ಟು, ಶಟ್‌ಡೌನ್ ಮಾಡಿ, ಎರಡನೇ ಸಲಕ್ಕೆ ಅಳೆಯುತ್ತೇವೆ. ಅದು ಬೇಗ ತೆರೆದರೆ ಗಲಾಟೆ ಇರುವುದು ನಿಮ್ಮ ಖಾತೆಯ ಒಳಗೆ: ಸ್ಟಾರ್ಟಪ್ ಪಟ್ಟಿ, ಪ್ಯಾನಲ್ ಮೇಲೆ ಹಾಕಿಕೊಂಡ ಹವಾಮಾನದಂಥ ಆ್ಯಪ್ಲೆಟ್‌ಗಳು, ಇಲ್ಲವೇ ಡೆಸ್ಕ್‌ಟಾಪ್ ಮೇಲೆ ಹರಡಿದ ಫೈಲುಗಳು. ಅದೂ ಅಷ್ಟೇ ನಿಧಾನವಾದರೆ ಡಿಸ್ಕನ್ನೋ ಸಿಸ್ಟಮ್ಮನ್ನೋ ನೋಡಬೇಕು.

ಡೆಸ್ಕ್‌ಟಾಪ್ ಮೇಲಿನ ಫೈಲುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಬ್ಬ ಗಿರಾಕಿಯ ಡೆಸ್ಕ್‌ಟಾಪ್‌ನಲ್ಲಿ ಫೋನಿನಿಂದ ಇಳಿಸಿದ ಆರುನೂರಕ್ಕೂ ಜಾಸ್ತಿ ಫೋಟೋ, ವಿಡಿಯೋ ಇದ್ದವು. ಪರದೆ ಬಂದ ಮೇಲೆ ಒಂದೊಂದೇ ಚಿತ್ರ ಮೂಡುತ್ತಾ ಹೋಗುತ್ತಿತ್ತು, ಅಷ್ಟು ಹೊತ್ತೂ ಮೌಸ್ ತಡೆದು ತಡೆದು ಓಡುತ್ತಿತ್ತು. ಎಲ್ಲವನ್ನೂ ಪಿಕ್ಚರ್ಸ್ ಫೋಲ್ಡರಿಗೆ ಹಾಕಿದೆವು, ಅಷ್ಟೇ. ನಿಮ್ಮ ಹಳೇ ಪ್ರಶ್ನೆಪತ್ರಿಕೆಗಳನ್ನೂ ಡಾಕ್ಯುಮೆಂಟ್ಸ್‌ಗೆ ಸಾಗಿಸಿಬಿಡಿ.

— ಮೈಸೂರು

*

ಬೇರೆ ಓದುಗರು ಏನು ಬರೆಯುತ್ತಾರೆ ಎಂದು ನನಗೆ ಗೊತ್ತಿಲ್ಲ, ಆದರೆ ಒಂದು ವಿಷಯ ಬಿಟ್ಟುಹೋಗಬಾರದು ಎಂದು ಬರೆಯುತ್ತಿದ್ದೇನೆ. ಹೀಗೆ ಕಾಯುವುದರಲ್ಲಿ ಎರಡು ಬಗೆ ಇದೆ. ಭಾರದಿಂದ ಆಗುವ ತಡ ದಿನಕ್ಕೊಂದು ರೀತಿ ಇರುತ್ತದೆ: ಒಂದು ದಿನ ಎರಡೂವರೆ ನಿಮಿಷ, ಇನ್ನೊಂದು ದಿನ ಮೂರೂಕಾಲು. ಆದರೆ ಪ್ರತಿ ಸಲ ಸರಿಯಾಗಿ ಅಷ್ಟೇ ಸೆಕೆಂಡ್ ನಿಂತು, ಆಮೇಲೆ ಎಲ್ಲ ಒಮ್ಮೆಲೇ ಬಂದರೆ, ಅಲ್ಲಿ ಯಾವುದೋ ಪ್ರೋಗ್ರಾಂ ಬರದ ಉತ್ತರಕ್ಕಾಗಿ ಕಾಯುತ್ತಿದೆ ಎಂದು ತಿಳಿಯಿರಿ. ಪಟ್ಟಿಯಿಂದ ಹತ್ತು ಸಾಲು ತೆಗೆದರೂ ಅದು ಕಡಿಮೆಯಾಗುವುದಿಲ್ಲ.

ನನಗೆ ಆದದ್ದು ಹೀಗೆ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇದ್ದ ಮಷೀನಿನಲ್ಲಿ ನೋಡೋಣ ಎಂದು ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ಕೂಡ ಹಾಕಿದೆ. ಅಂದಿನಿಂದ ಲಾಗಿನ್ ಆದ ಮೇಲೆ ಮೊದಲ ಆ್ಯಪ್ ತೆರೆಯಲು ಸರಿಯಾಗಿ 25 ಸೆಕೆಂಡ್. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆ 25 ಅನ್ನುವ ಸಂಖ್ಯೆಯೇ ಕೊನೆಗೆ ದಾರಿ ತೋರಿಸಿತು. ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡುವುದು ಡಿ-ಬಸ್ ಮೂಲಕ. ಕೇಳಿದ್ದಕ್ಕೆ ಉತ್ತರ ಬರದಿದ್ದರೆ ಕೇಳಿದ ಪ್ರೋಗ್ರಾಂ ಸಾಮಾನ್ಯವಾಗಿ 25 ಸೆಕೆಂಡ್ ಕಾದು ಕೈಬಿಡುತ್ತದೆ. ಗ್ನೋಮ್ ಜೊತೆ ಬಂದ ‘ಪೋರ್ಟಲ್’ ಎಂಬ ಸೇವೆ ನನ್ನ ಎಕ್ಸ್‌ಎಫ್‌ಸಿಇ ಒಳಗೆ ಶುರುವಾಗಲಾರದೆ ಸುಮ್ಮನಿತ್ತು, ಆ್ಯಪ್ ಅದಕ್ಕೇ ಕಾಯುತ್ತಿತ್ತು. ಆ ಒಂದು ಪ್ಯಾಕೇಜ್ ತೆಗೆದೆ, ಮರುದಿನ ಆ್ಯಪ್ ತಕ್ಷಣ ತೆರೆಯಿತು. ಇದೇ ರೀತಿ 90 ಸೆಕೆಂಡ್ ಕಂಡರೆ ಸಿಸ್ಟಮ್‌ಡಿ ಕಡೆ ನೋಡಿ, ಹಿನ್ನೆಲೆಯ ಸೇವೆಗಳನ್ನು ಶುರು ಮಾಡುವ ಪ್ರೋಗ್ರಾಂ ಅದು. ಯಾವುದಾದರೂ ಸೇವೆ ಶುರುವಾಗದಿದ್ದರೆ ಅದು ಮಾಮೂಲಾಗಿ ಕಾಯುವುದು ಅಷ್ಟು ಹೊತ್ತು.

ಹುಡುಕಲು ಟರ್ಮಿನಲ್ ತೆರೆದು ಆಜ್ಞೆ ಟೈಪ್ ಮಾಡಬೇಕೆಂದಿಲ್ಲ. ಮಿಂಟ್‌ನಲ್ಲಿ ‘ಲಾಗ್ಸ್’ ಎಂಬ ಆ್ಯಪ್ ಇದೆ. ನೀವು ಲಾಗಿನ್ ಆದ ನಿಮಿಷದ ಸಾಲುಗಳ ಪಕ್ಕದ ಗಡಿಯಾರ ನೋಡುತ್ತಾ ಹೋಗಿ. ಒಂದೊಂದು ಸೆಕೆಂಡಿಗೆ ಹತ್ತಾರು ಸಾಲು ಇರುತ್ತವೆ. ನಡುವೆ ಒಮ್ಮೆಲೇ 25 ಸೆಕೆಂಡ್ ಖಾಲಿ ಕಂಡರೆ, ಆ ಖಾಲಿಯ ನಂತರದ ಮೊದಲ ಸಾಲುಗಳಲ್ಲಿ ಹೆಚ್ಚಿನ ಸಲ ಕಾರಣದ ಹೆಸರು ಇರುತ್ತದೆ. ಆ ಸಾಲಿನ ಫೋಟೋ ತೆಗೆದು ಮಗನಿಗೆ ಕಳಿಸಿ.

ಸಿಸ್ಟಮ್‌ಡಿ-ಅನಲೈಜ್ ಎಂಬ ಆಜ್ಞೆ ಓಡಿಸಿ ನೋಡಿ ಎಂದು ಯಾರಾದರೂ ಹೇಳಿದರೆ ಒಂದು ನೆನಪಿಡಿ. ಬರೀ ಆ ಹೆಸರನ್ನಷ್ಟೇ ಟೈಪ್ ಮಾಡಿ ಓಡಿಸಿದಾಗ ಅದು ತೋರಿಸುವ ಒಟ್ಟು ಸಮಯ ಮಷೀನ್ ಆನ್ ಆಗುವುದರದ್ದು. ನೀವು ಪಾಸ್‌ವರ್ಡ್ ಕೊಟ್ಟ ನಂತರದ ಮೂರು ನಿಮಿಷ ಆ ಲೆಕ್ಕದಲ್ಲಿ ಇಲ್ಲ.

— ಸಾಫ್ಟ್‌ವೇರ್ ಪರೀಕ್ಷಕಿ, ಮಂಗಳೂರು

*

ಚಿಕ್ಕ ಸಲಹೆ, ಎಕ್ಸ್‌ಎಫ್‌ಸಿಇ ಬಳಸುವ ಓದುಗರಿಗೆ. ಲಾಗ್‌ಔಟ್ ಕಿಟಕಿಯಲ್ಲಿ ‘ಸೇವ್ ಸೆಷನ್’ ಎಂಬ ಟಿಕ್ ಇರುತ್ತದೆ. ಅದು ಬಿದ್ದಿದ್ದರೆ ನೀವು ಹಿಂದಿನ ದಿನ ತೆರೆದಿಟ್ಟದ್ದೆಲ್ಲ ಮತ್ತೆ ತಾನಾಗೇ ತೆರೆಯುತ್ತದೆ, ಸ್ಟಾರ್ಟಪ್ ಪಟ್ಟಿಯಲ್ಲಿ ಅವುಗಳ ಸುಳಿವೇ ಇರುವುದಿಲ್ಲ. ಟಿಕ್ ತೆಗೆಯಿರಿ. ಮತ್ತೆ, ಅದೇ ಪಟ್ಟಿಯಲ್ಲಿ ‘ಪಾಲಿಸಿಕಿಟ್’ ಎಂದಿದ್ದರೆ ಬಿಟ್ಟುಬಿಡಿ. ಅಪ್‌ಡೇಟ್ ಹಾಕುವಾಗ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ತರುವುದು ಅದೇ.

— ಪದವಿ ವಿದ್ಯಾರ್ಥಿ, ತುಮಕೂರು

*

ಮೇಡಂ, ನಿಮ್ಮ ಪತ್ರದಲ್ಲಿ ‘ಮೊದಲಿನದೇ ಹಾರ್ಡ್ ಡಿಸ್ಕ್’ ಎಂದು ಓದಿ ನನಗೆ ಕಳವಳ ಆಯಿತು. ನನ್ನ ಲ್ಯಾಪ್‌ಟಾಪ್ ಕೂಡ ಹೀಗೇ ದಿನೇದಿನೇ ನಿಧಾನವಾಯಿತು. ನಾನು ಸ್ಟಾರ್ಟಪ್ ಪಟ್ಟಿ ಕತ್ತರಿಸುತ್ತಾ ಕುಳಿತೆ. ರಾತ್ರಿ ಮನೆ ನಿಶ್ಶಬ್ದವಾಗಿದ್ದಾಗ ಕೀಬೋರ್ಡಿನ ಎಡಗಡೆ ಕಿವಿ ಇಟ್ಟರೆ ಟಿಕ್, ಟಿಕ್ ಎಂದು ಸಣ್ಣ ಸದ್ದು ಕೇಳುತ್ತಿತ್ತು. ಅದಕ್ಕೆ ನಾನು ಗಮನ ಕೊಡಲಿಲ್ಲ. ಡಿಸ್ಕ್ ಕೆಡುತ್ತಾ ಬಂದಿತ್ತು, ಒಂದೊಂದು ಜಾಗವನ್ನು ಹತ್ತು ಸಲ ಓದಲು ಹೆಣಗುತ್ತಿತ್ತು. ಒಂದು ದಿನ ಪೂರ್ತಿ ನಿಂತಿತು. ಅಮ್ಮ ತೀರಿಕೊಳ್ಳುವ ಮೊದಲಿನ ಎರಡು ವರ್ಷದ ಫೋಟೋಗಳು ಅದರಲ್ಲೇ ಇದ್ದವು, ಬೇರೆಲ್ಲೂ ಪ್ರತಿ ಇರಲಿಲ್ಲ.

ಆದ್ದರಿಂದ ಪಟ್ಟಿ ಮುಟ್ಟುವ ಮೊದಲು ಪ್ರಶ್ನೆಪತ್ರಿಕೆ, ಫೋಟೋ ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಇವತ್ತೇ ಹಾಕಿಕೊಳ್ಳಿ. ಆಮೇಲೆ ‘ಡಿಸ್ಕ್ಸ್’ ಎಂಬ ಆ್ಯಪ್ ತೆರೆದು, ಮೇಲಿನ ಮೆನುವಿನಲ್ಲಿ ‘ಸ್ಮಾರ್ಟ್ ಡೇಟಾ’ ನೋಡಿ. ‘ರೀಅಲೊಕೇಟೆಡ್ ಸೆಕ್ಟರ್’ ಮತ್ತು ‘ಪೆಂಡಿಂಗ್ ಸೆಕ್ಟರ್’ ಎಂಬ ಎರಡು ಸಾಲುಗಳ ಮುಂದೆ ಸೊನ್ನೆ ಇದ್ದರೆ ನೆಮ್ಮದಿ. ಅಲ್ಲಿನ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಬದಲಾಯಿಸಲೇಬೇಕು.

ಡಿಸ್ಕ್ ಸರಿ ಇದ್ದರೂ, ಕೈಯಲ್ಲಿ ದುಡ್ಡು ಆದಾಗ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಮುಳ್ಳೂ ಇಲ್ಲ. ನನ್ನ ಈಗಿನ ಮಷೀನೂ 4 ಜಿಬಿಯದ್ದೇ. ಎಸ್‌ಎಸ್‌ಡಿ ಹಾಕಿದ ಮೇಲೆ ಪಾಸ್‌ವರ್ಡ್ ಕೊಟ್ಟು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಮೆನು ಸಿದ್ಧವಾಗಿರುತ್ತದೆ.

— ನಿವೃತ್ತ ಬ್ಯಾಂಕ್ ನೌಕರ, ಹಾಸನ

*

ನಾನು ಕಣ್ಣು ಕಾಣದವಳು. ಈ ಪತ್ರವನ್ನು ಓರ್ಕಾ ಎಂಬ ಸ್ಕ್ರೀನ್ ರೀಡರ್ ಸಹಾಯದಿಂದ ನಾನೇ ಟೈಪ್ ಮಾಡುತ್ತಿದ್ದೇನೆ. ಈಸ್ಪೀಕ್ ಧ್ವನಿಯಲ್ಲಿ ಅದು ಕನ್ನಡವನ್ನೂ ಓದುತ್ತದೆ, ಸ್ವಲ್ಪ ಯಂತ್ರದ ದನಿ, ಆದರೆ ಅರ್ಥವಾಗುತ್ತದೆ.

ಸ್ಟಾರ್ಟಪ್ ಪಟ್ಟಿ ಕತ್ತರಿಸುವವರು ಮೊದಲು ಆಫ್ ಮಾಡುವುದು ಓರ್ಕಾವನ್ನು. ‘ನಮಗೆ ಬೇಡ’ ಅಂದುಕೊಳ್ಳುತ್ತಾರೆ. ಸ್ಕ್ರೀನ್ ರೀಡರ್ ಆನ್ ಮಾಡಿಕೊಳ್ಳದವರ ಖಾತೆಯಲ್ಲಿ ಅದು ಶುರುವಾಗುವುದೇ ಇಲ್ಲ, ಆ ಸಾಲು ಸುಮ್ನೆ ಅಲ್ಲಿ ಇರುತ್ತದೆ. ಹಾಗಾಗಿ ಆಫ್ ಮಾಡಿದರೆ ನಿಮಗೆ ಒಂದು ಸೆಕೆಂಡೂ ಉಳಿಯುವುದಿಲ್ಲ. ಆದರೆ ಒಂದೇ ಖಾತೆಯನ್ನು ಹಲವರು ಬಳಸುವ ಕಡೆ, ಮುಂದೆ ನನ್ನಂಥವರು ಬಂದು ಕುಳಿತಾಗ, ಪಾಸ್‌ವರ್ಡ್ ಕೊಟ್ಟ ಮೇಲೆ ಏನೂ ಕೇಳಿಸುವುದಿಲ್ಲ. ಮಷೀನ್ ಆನ್ ಆಗಿದೆಯೋ ಇಲ್ಲವೋ ಎಂದು ಇನ್ನೊಬ್ಬರನ್ನು ಕರೆದು ಕೇಳಬೇಕು. ನಾನು ಓದಿದ ಕಾಲೇಜಿನಲ್ಲಿ ಒಂದು ಇಡೀ ಸೆಮಿಸ್ಟರ್ ನನಗೆ ಹೀಗಾಗಿದೆ.

ನೀವು ಟೀಚರ್. ಮನೆಯಲ್ಲಿ ಸರಿಹೋದದ್ದನ್ನು ಶಾಲೆಯ ಲ್ಯಾಬ್‌ನಲ್ಲೂ ಮಾಡುತ್ತೀರಿ ಅನ್ನಿಸಿತು, ಅದಕ್ಕೇ ಬರೆದೆ. ಅಲ್ಲಿ ಓರ್ಕಾ ಸಾಲನ್ನು ಹಾಗೇ ಬಿಡಿ.

— ಓದುಗರೊಬ್ಬರು, ಹುಬ್ಬಳ್ಳಿ